ಗ್ರಾಮಾಯಣ ಮತ್ತು ಜಮಖಂಡಿ ಸೀಮೆಯ ರಾಜಕೀಯ ವಿಡಂಬನೆ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿ ಸೀಮೆಯ ವಿಡಂಬನೆ ಅರಮನೆಯನ್ನು ಅಣಕಿಸುತ್ತ ಬೆಳೆದದ್ದಲ್ಲ. ಊರೊಳಗಿನ ಅಧಿಕಾರವನ್ನು ಕೆಣಕುತ್ತ ಬೆಳೆದದ್ದು. ಇದಕ್ಕೆ ಇಲ್ಲಿನ ಆಡಳಿತ ಚರಿತ್ರೆಯೇ ಕಾರಣ. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿದ್ದು. ಇಷ್ಟು ಚಿಕ್ಕ ಸೀಮೆಯಲ್ಲಿ ದೊರೆಗಳು ಬೇರೆಬೇರೆಯಾಗಿದ್ದರೂ ರೈತನ ಬಾಗಿಲಿಗೆ ಬರುತ್ತಿದ್ದ ಅಧಿಕಾರದ ಮುಖ ಒಂದೇ: ವಾಡೆಯ ದೇಸಾಯಿ, ಚಾವಡಿಯ ಗೌಡ, ದಪ್ತರದ ಕುಲಕರ್ಣಿ. ಇವರನ್ನು ಕುರಿತು ನಗಲು ಜನರಿಗೆ ಬಯಲಾಟದ ಅಟ್ಟ ಸಿಕ್ಕಿತ್ತು. ಅಪರಾಳ ತಮ್ಮಣ್ಣ ರಚಿಸಿ ಕುಳಗೋಡ ತಮ್ಮಣ್ಣ ಬೆಳೆಸಿದ ಶ್ರೀಕೃಷ್ಣ ಪಾರಿಜಾತ ಈ ಭಾಗದ ಅಚ್ಚುಮೆಚ್ಚಿನ ಆಟ. ಅದರಲ್ಲಿ ಸತ್ಯಭಾಮೆಯ ದರ್ಪ ಇಳಿಯುವುದೇ ಕಥೆ. ದೂತಿ ಮತ್ತು ಭಾಗವತರು ಆಡುಮಾತಿನಲ್ಲಿ ನಡೆಸುವ ಚಕಮಕಿಗೆ ದೇವರ ಮನೆಯೂ ಹೊರತಲ್ಲ.

ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿಯ ರಾವಬಹಾದ್ದೂರ (ಆರ್. ಬಿ. ಕುಲಕರ್ಣಿ, 1910–1984) ಈ ದೃಷ್ಟಿಯನ್ನು ಕಾದಂಬರಿಗೆ ತಂದರು. ಅವರ ‘ಗ್ರಾಮಾಯಣ’ 1957ರಲ್ಲಿ ಹೊರಬಂತು. ಅದಕ್ಕೆ ನಾಯಕನಿಲ್ಲ, ಪಾದಳ್ಳಿ ಎಂಬ ಊರೇ ನಾಯಕ. ಹೆಸರೇ ಮಹಾಕಾವ್ಯದ ಗಾಂಭೀರ್ಯವನ್ನು ಹಳ್ಳಿಯ ಪಕ್ಷ–ಪಂಗಡದ ಜಗಳಕ್ಕೆ ತೊಡಿಸುತ್ತದೆ. ಇದು ವಿಡಂಬನಕಾರನ ಹಳೆಯ ವರಸೆ, ಇಲ್ಲಿ ತೀರ ಸಮರ್ಥವಾಗಿ ಬಳಕೆಯಾಗಿದೆ. ಊರು ಕೊನೆಗೆ ಹಾಳಾಗುವುದರಿಂದ ಇದು ದುರಂತ, ವಿಡಂಬನೆಯಲ್ಲ ಎಂಬ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು. ನಿಸರ್ಗದ ಹೊಡೆತಗಳು ಅಲ್ಲಿ ನಿಜವಾಗಿಯೂ ಭೀಕರ. ಆದರೆ ಬರ, ನೆರೆ, ರೋಗಗಳನ್ನು ಈ ಸೀಮೆಯ ಎಲ್ಲ ಊರುಗಳೂ ಕಂಡವು, ಎಲ್ಲವೂ ಅಳಿಯಲಿಲ್ಲ. ಪಾದಳ್ಳಿ ಏಕೆ ಒಟ್ಟಾಗಿ ನಿಲ್ಲಲಾರದೆ ಹೋಯಿತು ಎಂಬ ಪ್ರಶ್ನೆಗೆ ಉತ್ತರ ಮುಗಿಲಿನಲ್ಲಿಲ್ಲ, ಮನುಷ್ಯರ ಹಟ ಮತ್ತು ಸಂಚುಗಳಲ್ಲಿದೆ. ಹಾಸ್ಯಲೇಖಕ ಬೀಚಿಯವರ ತಿಂಮನ ಪಾತ್ರದಲ್ಲಿ ಸಿಗುವ ಥಟ್ಟನೆಯ ನಗೆ ಇಲ್ಲಿಲ್ಲ ಎನ್ನುವುದೂ ಸರಿಯೇ. ಬೀಚಿಯವರ ನಗೆ ಮಾತಿನ ತಿರುವಿನಲ್ಲಿ ಹುಟ್ಟಿದರೆ ರಾವಬಹಾದ್ದೂರರದು ಸಣ್ಣ ಕಾರಣಕ್ಕೂ ದೊಡ್ಡ ಪರಿಣಾಮಕ್ಕೂ ಇರುವ ಅಂತರದಲ್ಲಿ ಹುಟ್ಟುತ್ತದೆ. ಹಾಗಾಗಿ ನಗು ಬರುವಾಗಲೇ ಸಂಕಟವೂ ಆಗುತ್ತದೆ.

ಕಳೆದುಹೋದ ಕಾಲದ ಚಿತ್ರವೆಂದು ಈ ಕಾದಂಬರಿಯನ್ನು ಓದುವವರು ವರ್ಷಗಳನ್ನು ಗಮನಿಸಬೇಕು. ಸಂಸ್ಥಾನಗಳು 1948ರಲ್ಲಿ ವಿಲೀನವಾದವು, 1956ರಲ್ಲಿ ಈ ಭಾಗ ಮೈಸೂರು ರಾಜ್ಯ ಸೇರಿತು. ವಂಶಪಾರಂಪರ್ಯ ಗ್ರಾಮಾಧಿಕಾರವನ್ನು ರದ್ದುಗೊಳಿಸುವ ರಾಜ್ಯದ ಕಾನೂನು ಬಂದದ್ದು ಮಾತ್ರ 1961ರಲ್ಲಿ. ಕಾದಂಬರಿ ಅಚ್ಚಾದಾಗ ಗೌಡಕಿ ಇನ್ನೂ ಚಾವಡಿಯಲ್ಲೇ ಕೂತಿತ್ತು.