ತಳಪಾಯ ಮತ್ತು ಮನೆಬದಿಯ ಮರ

ಮನೆಬದಿಯ ದೊಡ್ಡ ಮರದಿಂದ ತಳಪಾಯಕ್ಕೆ ಅಪಾಯವಿದೆಯೇ ಎಂಬುದನ್ನು ಮರಕ್ಕಿಂತ ಹೆಚ್ಚಾಗಿ ಮಣ್ಣು ತೀರ್ಮಾನಿಸುತ್ತದೆ. ಅನಂತಪುರ ಜಿಲ್ಲೆಯ ಕಣೇಕಲ್ಲು ಸೀಮೆಯಲ್ಲಿ ವೇದಾವತಿಯ (ಹಗರಿ) ದಂಡೆಗೆ ಮರಳು, ಸುತ್ತಲ ಹೊಲಗಳಲ್ಲಿ ಎರೆಮಣ್ಣು. ಮರಳು ಒಣಗಿದರೂ ಕುಗ್ಗದು. ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಜೇಡಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮರ ತನ್ನ ಬದಿಯ ತೇವ ಹೀರಿದಾಗ ತಳಪಾಯ ಆ ಕಡೆಗಷ್ಟೇ ಕುಸಿದು ಗೋಡೆ ಓರೆಯಾಗಿ ಸೀಳುತ್ತದೆ. ಬೇರು ತಾನೇ ಇಡೀ ಕಟ್ಟಡವನ್ನು ಎತ್ತುವುದು ಅಪರೂಪ.

ಪೈನ್‌ನಂಥ ಶಂಕುಧಾರಿಗಳು ಓಕ್, ಪಾಪ್ಲರ್‌ಗಳಿಗಿಂತ ಕಡಿಮೆ ನೀರು ಕುಡಿಯುತ್ತವೆ. ಸೈಪ್ರೆಸ್ ಮಾತ್ರ ಇದಕ್ಕೆ ಹೊರತು. 1976ರ ಬರಗಾಲದ ನಂತರ ಬ್ರಿಟನ್ನಿನ ಜೇಡಿನೆಲದ ಸಾವಿರಾರು ಮನೆಗಳು ಬಿರುಕುಬಿಟ್ಟವು. ಬಯಲುಸೀಮೆಯಲ್ಲಿ ಶಂಕುಧಾರಿಗಳು ವಿರಳ. ಸೂಜಿಯೆಲೆಯ ಹಾಗೆ ಕಾಣುವ ಗಾಳಿಮರ ಆ ಗುಂಪಿನದಲ್ಲ. ಇಲ್ಲಿ ನಿಜಕ್ಕೂ ಕಾಳಜಿ ಬೇಕಾದದ್ದು ಅರಳಿ, ಆಲಗಳ ಬಗ್ಗೆ: ಹಕ್ಕಿಗಳು ಹಾಕಿದ ಬೀಜ ಗೋಡೆಯ ಸಂದಿನಲ್ಲೇ ಮೊಳೆಯುತ್ತದೆ.

ಹೆದರಿ ಹಳೆಯ ಮರವನ್ನು ಒಮ್ಮೆಲೇ ಕಡಿಯುವುದೂ ಸರಿಯಲ್ಲ; ಒಣಗಿದ್ದ ಎರೆ ಮತ್ತೆ ತೇವಗೊಂಡು ಉಬ್ಬಿ ನೆಲವನ್ನೇ ಮೇಲೆತ್ತಬಹುದು. ಎರೆನೆಲಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡ ಅಗಲಿಸಿದ ಕಾಂಕ್ರೀಟ್ ಕಂಬಗಳ ತಳಪಾಯವನ್ನು ರೂಢಿಗೆ ತಂದಿತು. ಸಾಮಾನ್ಯವಾಗಿ ಸುಮಾರು 3.5 ಮೀಟರ್ ಆಳಕ್ಕಿಳಿಯುವ ಈ ಕಂಬಗಳು ಋತುಮಾನದ ಏರಿಳಿತ ತಟ್ಟದ ಮಣ್ಣಿನ ಮೇಲೆ ಮನೆಯನ್ನು ಹೊರುತ್ತವೆ.