ವಿಮಾನ ಪೈಲಟ್‌ಗಳ ನಿವೃತ್ತಿ ವಯಸ್ಸು

ಟಿಕೆಟ್ ಕೊಂಡ ಪ್ರಯಾಣಿಕರನ್ನು ಹೊತ್ತ ವಿಮಾನವನ್ನು ಪೈಲಟ್ ಎಷ್ಟು ವಯಸ್ಸಿನವರೆಗೆ ಹಾರಿಸಬಹುದು ಎಂಬುದಕ್ಕೆ ಕಾನೂನು ಹಾಕಿರುವ ಮಿತಿ ಇದು. ಭಾರತವೂ ಸೇರಿ ಬಹುತೇಕ ದೇಶಗಳಲ್ಲಿ ಈಗ ಆ ಮಿತಿ 65 ವರ್ಷ. ಮೊದಲು 60 ಇತ್ತು, ಅದಕ್ಕೂ ಮೊದಲು ಏನೂ ಇರಲಿಲ್ಲ. ವೈದ್ಯರ ಲೆಕ್ಕಾಚಾರದಿಂದಲೇ ಈ ಅಂಕಿ ಹುಟ್ಟಿತು ಎಂಬ ನಂಬಿಕೆ ವ್ಯಾಪಕವಾಗಿದ್ದರೂ, ಚರಿತ್ರೆಯನ್ನು ನೋಡಿದರೆ ಕಂಪನಿ ಮತ್ತು ಪೈಲಟ್ ಸಂಘಗಳ ಹಗ್ಗಜಗ್ಗಾಟ, ಪೈಲಟ್‌ಗಳ ಕೊರತೆ ಇವೇ ಅದನ್ನು ಹೆಚ್ಚಾಗಿ ನಿರ್ಧರಿಸಿವೆ.

ಮಿತಿಯೇ ಇಲ್ಲದ ಕಾಲದ ಒಂದು ನಿಲ್ದಾಣ ಬಳ್ಳಾರಿ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಂಚೆ ಚೀಲಗಳನ್ನು ಹೊತ್ತು ಅಹಮದಾಬಾದ್ ಮೂಲಕ ಬೊಂಬಾಯಿಗೆ ಬಂದಿಳಿದರು. ಅಲ್ಲಿಂದ ಮುಂದಿನ ಹಾದಿ ಅವರ ಜೊತೆಗಾರ, ಇಂಗ್ಲೆಂಡಿನ ವಾಯುಪಡೆಯಲ್ಲಿದ್ದ ನೆವಿಲ್ ವಿನ್ಸೆಂಟ್ ಅವರದು. ಒಂಟಿ ಎಂಜಿನ್ನಿನ ಪುಸ್ ಮಾತ್ ವಿಮಾನದಲ್ಲಿ ಅವರು ಬೊಂಬಾಯಿಯಿಂದ ಬಳ್ಳಾರಿಗೆ ಬಂದು ರಾತ್ರಿ ತಂಗಿ, ಮರುದಿನ ಮದ್ರಾಸಿಗೆ ಹಾರಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಕೆಲಕಾಲದ ನಂತರ ಮಾರ್ಗ ಹೈದರಾಬಾದಿನ ಕಡೆಗೆ ತಿರುಗಿತು, ಊರಿನ ಹೆಸರು ಅಂಚೆ ವೇಳಾಪಟ್ಟಿಯಿಂದ ಬಿದ್ದುಹೋಯಿತು. ಆ ದಿನ ಜೆ.ಆರ್.ಡಿ.ಗೆ 28 ವರ್ಷ. ವಿನ್ಸೆಂಟ್ ಮೂವತ್ತರ ಆಸುಪಾಸಿನವರು. 1942ರ ಯುದ್ಧಕಾಲದ ಒಂದು ಹಾರಾಟದಲ್ಲಿ ಕಾಣೆಯಾದರು. ಆ ಪೀಳಿಗೆಯ ಪೈಲಟ್‌ಗೆ ಮುಪ್ಪು ಬರುವ ಮೊದಲೇ ಅಪಘಾತವೋ ಯುದ್ಧವೋ ಎದುರಾಗುತ್ತಿತ್ತು. ಹಾಗಾಗಿ ನಿವೃತ್ತಿಯ ಮಾತು ಯಾರ ಬಾಯಲ್ಲೂ ಬರಲಿಲ್ಲ.

ಜೆ.ಆರ್.ಡಿ. ಮಾತ್ರ ಆ ಲೆಕ್ಕವನ್ನು ತಪ್ಪಿಸಿದರು. ಆ ಮೊದಲ ಹಾರಾಟಕ್ಕೆ ಐವತ್ತು ವರ್ಷ ತುಂಬಿದ ನೆನಪಿಗೆ 1982ರ ಅಕ್ಟೋಬರ್ 15ರಂದು, 78ನೇ ವಯಸ್ಸಿನಲ್ಲಿ, ಲೆಪರ್ಡ್ ಮಾತ್ ವಿಮಾನದಲ್ಲಿ ಕರಾಚಿಯಿಂದ ಬೊಂಬಾಯಿಗೆ ಮತ್ತೆ ಒಬ್ಬರೇ ಹಾರಿಬಂದರು. ಕಾನೂನು ಅದನ್ನು ತಡೆಯಲಿಲ್ಲ, ತಡೆಯಬೇಕಾಗಿಯೂ ಇರಲಿಲ್ಲ. ವಯಸ್ಸಿನ ಮಿತಿ ಬಾಡಿಗೆಗೆ ಹಾರುವ ವಾಣಿಜ್ಯ ವಿಮಾನಕ್ಕೆ ಮಾತ್ರ. ಸ್ವಂತಕ್ಕೆ ಹಾರುವವರು ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗುವ ತನಕ ಹಾರಬಹುದು.

ಮಿತಿಯ ಹುಟ್ಟು 1959ರ ಅಮೆರಿಕದಲ್ಲಿ. ಅಮೆರಿಕನ್ ಏರ್‌ಲೈನ್ಸ್ ತನ್ನ ಪೈಲಟ್‌ಗಳನ್ನು 60ಕ್ಕೆ ಮನೆಗೆ ಕಳಿಸಲು ನೋಡಿತು. ಪೈಲಟ್‌ಗಳು ತಕರಾರು ತೆಗೆದರು, ಮಧ್ಯಸ್ಥಗಾರರು ಅವರ ಪರವಾಗಿ ತೀರ್ಪು ಕೊಟ್ಟರು. ಬೋಯಿಂಗ್ 707 ಜೆಟ್‌ಗಳು ಆಗಷ್ಟೇ ಬಂದಿದ್ದವು. ಪಂಖದ ವಿಮಾನದಲ್ಲಿ ಕೈ ಪಳಗಿಸಿಕೊಂಡ ಹಿರಿಯರಿಗೆ ಜೆಟ್ ಕಲಿಸುವ ಖರ್ಚು ದೊಡ್ಡದು. ಮಧ್ಯಸ್ಥಿಕೆಯಲ್ಲಿ ಸೋತ ಕಂಪನಿಯ ಮುಖ್ಯಸ್ಥ ಸಿ.ಆರ್. ಸ್ಮಿತ್, ಫೆಡರಲ್ ವಿಮಾನಯಾನ ಸಂಸ್ಥೆಯ ಮುಖ್ಯಸ್ಥ ಎಲ್ವುಡ್ ಕೆಸಾಡಾ ಅವರಿಗೆ ಪತ್ರ ಬರೆದು, 60ರ ಮಿತಿಯನ್ನು ಸರ್ಕಾರದ ನಿಯಮವಾಗಿಯೇ ಮಾಡಬೇಕೆಂದು ಕೋರಿದರು. ಅದೇ ವರ್ಷದ ಕೊನೆಗೆ ನಿಯಮ ಹೊರಬಿತ್ತು, 1960ರ ಮಾರ್ಚ್‌ನಲ್ಲಿ ಜಾರಿಯಾಯಿತು. ಕಾರಣವೆಂದು ಬರೆದದ್ದು ಹೃದಯಾಘಾತ ಮತ್ತು ಪಾರ್ಶ್ವವಾಯುವಿನ ಅಪಾಯವನ್ನು. 1961ರಲ್ಲಿ ಕೆಸಾಡಾ ಅಮೆರಿಕನ್ ಏರ್‌ಲೈನ್ಸ್‌ನ ನಿರ್ದೇಶಕ ಮಂಡಳಿಗೆ ಸೇರಿದರು. ಇದನ್ನು ಕಾಕತಾಳೀಯ ಎಂದು ಒಪ್ಪಲು ಹಳೆಯ ಪೈಲಟ್‌ಗಳು ಕೊನೆಯವರೆಗೂ ತಯಾರಿರಲಿಲ್ಲ.

ವಿಚಿತ್ರವೆಂದರೆ, ಈ ನಿಯಮವನ್ನು ಮೊದಲು ವಿರೋಧಿಸಿದ ಅಮೆರಿಕದ ಪೈಲಟ್ ಸಂಘವೇ 1980ರ ಹೊತ್ತಿಗೆ ಅದರ ಬೆಂಬಲಕ್ಕೆ ನಿಂತಿತು. ಕಾರಣ ಸರಳ. ವಿಮಾನ ಕಂಪನಿಯಲ್ಲಿ ಬಡ್ತಿ, ಸಂಬಳ, ಯಾವ ಮಾರ್ಗ, ಯಾವ ರಜೆ ಎಲ್ಲವೂ ಸೇವಾ ಹಿರಿತನದ ಪಟ್ಟಿಯ ಮೇಲೆ ನಡೆಯುತ್ತವೆ. ಮೇಲಿನವರು ಎದ್ದರೆ ಮಾತ್ರ ಕೆಳಗಿನ ಕೋ-ಪೈಲಟ್ ಎಡಗಡೆಯ ಸೀಟಿಗೆ, ಅಂದರೆ ಕ್ಯಾಪ್ಟನ್ ಜಾಗಕ್ಕೆ ಬರುತ್ತಾನೆ. ಸಂಘದಲ್ಲಿ ಕಿರಿಯರ ಸಂಖ್ಯೆ ಹೆಚ್ಚಾದಾಗ 60 ಹಿತವಾಗಿ ಕಂಡಿತು. ಕಂಪನಿಗಳು ದಿವಾಳಿಯೆದ್ದು ಪಿಂಚಣಿ ಕರಗಿದಾಗ ಅದೇ ಸಂಘ ಮತ್ತೆ ನಿಲುವು ಬದಲಿಸಿತು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ (ಐಸಿಎಒ) ಬಹುಕಾಲ 60ಕ್ಕೇ ಅಂಟಿಕೊಂಡಿತ್ತು. 2006ರ ನವೆಂಬರ್‌ನಲ್ಲಿ ಅದನ್ನು 65ಕ್ಕೆ ಏರಿಸಿ, ಪಕ್ಕದ ಪೈಲಟ್ 60ರೊಳಗಿನವರಾಗಿರಬೇಕು ಎಂಬ ಷರತ್ತು ಹಾಕಿತು. ಅಮೆರಿಕದಲ್ಲಿ 2007ರ ಡಿಸೆಂಬರ್ 13ರಂದು ಕಾನೂನು ಬಂತು. 2014ರಲ್ಲಿ ಐಸಿಎಒ ಪಕ್ಕದವರ ವಯಸ್ಸಿನ ಷರತ್ತನ್ನೂ ಕೈಬಿಟ್ಟಿತು. ಕೋರ್ಟುಗಳೂ ನಡುವೆ ಮಾತಾಡಿದವು. 1998ರಲ್ಲಿ ಆಸ್ಟ್ರೇಲಿಯಾದ ಹೈಕೋರ್ಟ್, 60 ದಾಟಿದ ಜಂಬೋ ಜೆಟ್ ಕ್ಯಾಪ್ಟನ್‌ಗೆ ವಿದೇಶಗಳ ಆಕಾಶದಲ್ಲಿ ಪ್ರವೇಶವೇ ಇಲ್ಲದಿದ್ದರೆ ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳಲಾಗದು ಎಂದು ಕ್ವಾಂಟಾಸ್ ಪರ ತೀರ್ಪು ಕೊಟ್ಟಿತು. 2011ರಲ್ಲಿ ಐರೋಪ್ಯ ನ್ಯಾಯಾಲಯ ಇದಕ್ಕೆ ಎದುರು ದಿಕ್ಕಿನಲ್ಲಿ ನಡೆಯಿತು: ಕಾನೂನು 65ರ ತನಕ ಬಿಡುವಾಗ ಲುಫ್ತಾನ್ಸಾದ ಒಪ್ಪಂದ 60ಕ್ಕೆ ನಿಲ್ಲಿಸುವುದು ವಯಸ್ಸಿನ ತಾರತಮ್ಯ ಎಂದಿತು.

ಭಾರತದ ಸರ್ಕಾರಿ ವಿಮಾನ ಸಂಸ್ಥೆಗಳಲ್ಲಿ ಪೈಲಟ್‌ಗಳು ಬೇರೆ ನೌಕರರಂತೆ 58ಕ್ಕೆ ನಿವೃತ್ತರಾಗುತ್ತಿದ್ದರು. ಅದೇ ವಿಮಾನದ ಹಿಂಭಾಗದಲ್ಲಿ ನಿಯಮ ಬೇರೆಯೇ ಇತ್ತು. ಏರ್ ಇಂಡಿಯಾದ ಗಗನಸಖಿಯರಿಗೆ 35ಕ್ಕೇ ನಿವೃತ್ತಿ, ಮುಂದುವರಿಸುವುದು ಆಡಳಿತ ನಿರ್ದೇಶಕರ ಮರ್ಜಿ. ಮೊದಲ ಬಸಿರಿಗೇ ಕೆಲಸ ಹೋಗುತ್ತಿತ್ತು. ನರ್ಗೇಶ್ ಮೀರ್ಜಾ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟ್ ಬಸಿರಿನ ನಿಯಮವನ್ನೂ ಆ ಮರ್ಜಿಯನ್ನೂ ತಳ್ಳಿಹಾಕಿತು. ವಿಮಾನದಲ್ಲಿ ವಯಸ್ಸಿನ ಪ್ರಶ್ನೆ ಯಾವಾಗಲೂ ಸುರಕ್ಷತೆಯದ್ದೇ ಎನ್ನುವವರು ಈ ತೀರ್ಪನ್ನೊಮ್ಮೆ ಓದಬೇಕು.

ಭಾರತದಲ್ಲಿ ಮಿತಿ ಏರಲು ಒತ್ತಡ ತಂದದ್ದು ಅಗ್ಗದ ವಿಮಾನಗಳ ಯುಗ. 2003ರ ಆಗಸ್ಟ್‌ನಲ್ಲಿ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಬೆಂಗಳೂರಿನಿಂದ ಏರ್ ಡೆಕ್ಕನ್ ಹಾರಿಸಿದ ಮೇಲೆ ಒಂದರ ಹಿಂದೊಂದು ಕಂಪನಿ ಬಂತು. ವಿಮಾನವನ್ನು ಸಾಲಕ್ಕೆ ತರಬಹುದು, ಕ್ಯಾಪ್ಟನ್‌ನನ್ನು ತಯಾರು ಮಾಡಲು ವರ್ಷಗಳೇ ಬೇಕು. ವಿದೇಶಿ ಪೈಲಟ್‌ಗಳು ಬಂದರು, ನಿವೃತ್ತರು ಗುತ್ತಿಗೆಯ ಮೇಲೆ ಮರಳಿದರು. ಖಾಸಗಿ ಕೈಗೆ ಹೋದ ಏರ್ ಇಂಡಿಯಾ 2025ರ ಆಗಸ್ಟ್‌ನಲ್ಲಿ ತನ್ನ ಪೈಲಟ್‌ಗಳ ನಿವೃತ್ತಿಯನ್ನು 58ರಿಂದ ನೇರವಾಗಿ 65ಕ್ಕೆ ಒಯ್ಯಿತು.

ಇಳಿವಯಸ್ಸಿನ ಪೈಲಟ್ ಅಪಾಯವೇ ಎಂಬ ಪ್ರಶ್ನೆಗೆ ಕರ್ನಾಟಕದ ಅತ್ಯಂತ ಕಹಿ ದಾಖಲೆ ಮಂಗಳೂರಿನದು. 2010ರ ಮೇ 22ರ ಬೆಳಿಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜಪೆಯ ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದ 166 ಮಂದಿಯಲ್ಲಿ 158 ಮಂದಿ ಸತ್ತರು. ಕ್ಯಾಪ್ಟನ್ ಜ್ಲಾಟ್ಕೊ ಗ್ಲುಸಿಕಾ ಸರ್ಬಿಯಾ ಮೂಲದವರು, ವಯಸ್ಸು 55, ಎಲ್ಲ ಮಿತಿಯ ಒಳಗೇ ಇದ್ದವರು. ಕಾಕ್‌ಪಿಟ್‌ನ ಧ್ವನಿಮುದ್ರಣದಲ್ಲಿ ಕೇಳಿಸಿದ್ದು ಅವರ ಗೊರಕೆ. ದಾರಿಯ ಬಹುಭಾಗ ನಿದ್ದೆಹೋಗಿದ್ದವರು ಇಳಿಯುವ ಹೊತ್ತಿಗೆ ಎದ್ದರು, ವಿಮಾನ ಬೇಕಾದ್ದಕ್ಕಿಂತ ಬಹಳ ಎತ್ತರದಲ್ಲಿತ್ತು. ಇಳಿಯುವುದು ಬೇಡ, ಮತ್ತೆ ಮೇಲಕ್ಕೆ ಹೋಗೋಣ ಎಂದು ಕೋ-ಪೈಲಟ್ ಕೂಗಿ ಹೇಳಿದರೂ ಅವರು ಕೇಳಲಿಲ್ಲ. ನಿದ್ದೆಯಿಂದೆದ್ದ ಕೂಡಲೇ ಇರುವ ಮಂಪರನ್ನು ತನಿಖೆ ಎತ್ತಿ ತೋರಿಸಿತು. ನಡುರಾತ್ರಿಯ ಡ್ಯೂಟಿ ಮತ್ತು ಹಿರಿಯನ ಮಾತಿಗೆ ಎದುರಾಡಲು ಹಿಂಜರಿಯುವ ಕಾಕ್‌ಪಿಟ್ ಸೇರಿದರೆ ಮೂವತ್ತೈದರವರೂ ಅಲ್ಲಿಗೇ ಬಂದು ನಿಲ್ಲಬಹುದು. ಇನ್ನೊಂದು ಕಡೆ, 2009ರಲ್ಲಿ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ 155 ಜನರನ್ನು ಇಳಿಸಿ ಉಳಿಸಿದ ಚೆಸ್ಲಿ ಸಲ್ಲೆನ್‌ಬರ್ಗರ್‌ಗೆ ಆಗ 57. ಎರಡು ಹೆಸರುಗಳಿಂದ ನಿಯಮ ಹುಟ್ಟುವುದಿಲ್ಲ, ಆದರೆ 55 ಅಥವಾ 57 ಎಂಬ ಅಂಕಿಯಷ್ಟೇ ಏನನ್ನೂ ಹೇಳುವುದಿಲ್ಲ ಎಂಬುದಂತೂ ಇಲ್ಲಿ ಕಾಣುತ್ತದೆ.

ವಯಸ್ಸಿಗಿಂತ ಹೆಚ್ಚಾಗಿ ನಂಬಬೇಕಾದದ್ದು ಪರೀಕ್ಷೆಯನ್ನು. ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ 1957ರಲ್ಲಿ ವೈಮಾನಿಕ ವೈದ್ಯಕೀಯ ಶಾಲೆಯಾಗಿ ಶುರುವಾದದ್ದು. ನಾಗರಿಕ ಪೈಲಟ್‌ಗಳೂ ಇಲ್ಲಿಗೆ ‘ಮೆಡಿಕಲ್’ಗೆ ಬರುತ್ತಾರೆ. ಕಣ್ಣು, ಕಿವಿ, ರಕ್ತದೊತ್ತಡ, ಸಕ್ಕರೆ, ಇಸಿಜಿ, ವಯಸ್ಸಾದಂತೆ ಟ್ರೆಡ್‌ಮಿಲ್. 60 ದಾಟಿದವರಿಗೆ ವರ್ಷಕ್ಕೊಮ್ಮೆ ಸಾಲದು, ಆರು ತಿಂಗಳಿಗೊಮ್ಮೆ. ‘ಅನ್‌ಫಿಟ್’ ಎಂಬ ಒಂದು ಪದ ಸಂಬಳವನ್ನೇ ನಿಲ್ಲಿಸಬಲ್ಲದು. ಇದರ ಹಿಂದಿರುವುದು 1980ರ ದಶಕದಲ್ಲಿ ಬ್ರಿಟನ್ನಿನ ಹೃದ್ರೋಗ ತಜ್ಞರು ರೂಪಿಸಿದ ‘ಶೇಕಡಾ ಒಂದು’ ಲೆಕ್ಕ: ಒಂದು ವರ್ಷದಲ್ಲಿ ಪೈಲಟ್ ಹಠಾತ್ತನೆ ಕುಸಿಯುವ ಸಂಭವ ನೂರಕ್ಕೆ ಒಂದನ್ನು ಮೀರದಿದ್ದರೆ, ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರುವ ವಿಮಾನದಲ್ಲಿ ಅದನ್ನು ಒಪ್ಪಬಹುದು. ಆದರೆ ಹೃದಯವನ್ನು ಅಳೆಯುವಷ್ಟು ಸಲೀಸಾಗಿ ನೆನಪು, ಚುರುಕು, ತೀರ್ಮಾನದ ವೇಗವನ್ನು ಆಸ್ಪತ್ರೆಯಲ್ಲಿ ಅಳೆಯಲಾಗುವುದಿಲ್ಲ. ಅದು ಬಯಲಾಗುವುದು ಸಿಮ್ಯುಲೇಟರ್‌ನಲ್ಲಿ, ಪರೀಕ್ಷಕ ಬೇಕೆಂದೇ ಒಂದು ಎಂಜಿನ್ನಿಗೆ ‘ಬೆಂಕಿ’ ಹಚ್ಚಿದಾಗ.

ಬಳ್ಳಾರಿ ಜಿಲ್ಲೆಗೆ ಈ ಚರ್ಚೆ ದೂರದ್ದೇನಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದ ವಿದ್ಯಾನಗರ ನಿಲ್ದಾಣಕ್ಕೆ 2017ರಲ್ಲಿ ಉಡಾನ್ ಯೋಜನೆಯಡಿ ಟ್ರೂಜೆಟ್‌ನ ಎಟಿಆರ್ ವಿಮಾನ ಬರತೊಡಗಿತು. ಬಳ್ಳಾರಿಯಿಂದ ಸಿರುಗುಪ್ಪದತ್ತ ಹೋಗುವಾಗ ಸಿಗುವ ಚಾಗನೂರು–ಸಿರಿವಾರದಲ್ಲಿ ಹೊಸ ನಿಲ್ದಾಣದ ಯೋಜನೆ ಭೂಮಿ ಕೊಡಲೊಲ್ಲದ ರೈತರ ಹೋರಾಟವನ್ನು ಕಂಡಿತು. ಇದೇ ರಸ್ತೆಗಳಲ್ಲಿ ಇನ್ನೊಂದು ಹೋಲಿಕೆ ಸಿಗುತ್ತದೆ. ಸಿರುಗುಪ್ಪದ ಗಿರಣಿಗಳಿಂದ ಅಕ್ಕಿ, ಕುರುಗೋಡು ಕಡೆಯಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೊತ್ತೊಯ್ಯುವ ಲಾರಿ ಚಾಲಕನಿಗೆ ಮೋಟಾರು ವಾಹನ ಕಾಯ್ದೆ ಮೇಲ್ಮಿತಿಯನ್ನೇ ಹಾಕಿಲ್ಲ. ಲೈಸೆನ್ಸನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು, ವೈದ್ಯರ ಸರ್ಟಿಫಿಕೇಟ್ ತರಬೇಕು, ಅಷ್ಟೇ. ಅದೇ ರಸ್ತೆಯ ಸರ್ಕಾರಿ ಬಸ್ಸಿನ ಚಾಲಕ 60ಕ್ಕೆ ನಿವೃತ್ತ. ಮರುದಿನ ಅವನು ಖಾಸಗಿ ಬಸ್ಸಿನ ಸ್ಟಿಯರಿಂಗ್ ಹಿಡಿದರೆ ಕೇಳುವವರಿಲ್ಲ. ಆಕಾಶದಲ್ಲಿರುವಷ್ಟು ತಪಾಸಣೆ ರಸ್ತೆಯಲ್ಲಿಲ್ಲ. ರಸ್ತೆಯಲ್ಲೇ ಜನ ಹೆಚ್ಚು ಸಾಯುತ್ತಾರೆ.

ಮಿತಿಯನ್ನು 67ಕ್ಕೆ ಏರಿಸುವ ಮಾತು ಈಗ ಎದ್ದಿದೆ. ಜಪಾನ್ 2015ರಲ್ಲೇ ತನ್ನಲ್ಲಿ 67 ಮಾಡಿತು. ಅಮೆರಿಕದ ಕೆಳಮನೆ 2023ರಲ್ಲಿ ಒಪ್ಪಿದರೂ 2024ರ ಅಂತಿಮ ಕಾನೂನು 65ನ್ನೇ ಉಳಿಸಿತು. 2025ರಲ್ಲಿ ವಿಮಾನ ಕಂಪನಿಗಳ ಒಕ್ಕೂಟವಾದ ಐಎಟಿಎ ಅದೇ ಬೇಡಿಕೆಯನ್ನು ಐಸಿಎಒ ಮುಂದಿಟ್ಟಿತು. ಪೈಲಟ್ ಸಂಘಗಳು ವಿರೋಧಿಸಿದವು. ಭಾರತದಲ್ಲಿ ಪೈಲಟ್‌ಗಳ ವಿಶ್ರಾಂತಿ ಹೆಚ್ಚಿಸುವ ನಿಯಮ ಅದೇ ವರ್ಷದ ನವೆಂಬರ್‌ನಲ್ಲಿ ಪೂರ್ತಿಯಾಗಿ ಜಾರಿಯಾದ ಮೇಲೆ, ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾಗಿ, ಬೆಂಗಳೂರಿನ ನಿಲ್ದಾಣದಲ್ಲಿ ಸೂಟ್‌ಕೇಸುಗಳು ರಾಶಿಬಿದ್ದವು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಕೆಲವು ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಯಿತು. ಪೈಲಟ್ ಸಾಲದೆ ಬಂದಾಗ ಕಂಪನಿಗಳಿಗೆ ಮೊದಲು ಹೊಳೆಯುವ ದಾರಿಗಳು ಎರಡು: ಇರುವವರಿಂದ ಹೆಚ್ಚು ದುಡಿಸುವುದು, ಹೋಗುವವರನ್ನು ತಡೆದಿಟ್ಟುಕೊಳ್ಳುವುದು. ಮಂಗಳೂರಿನ ದಾಖಲೆಯನ್ನು ಓದಿದವರಿಗೆ ಇವುಗಳಲ್ಲಿ ಮೊದಲನೆಯದೇ ಹೆಚ್ಚು ಅಪಾಯವೆನಿಸುತ್ತದೆ.

65 ತುಂಬಿದ ದಿನ ಕ್ಯಾಪ್ಟನ್ ಪ್ರಯಾಣಿಕರ ವಿಮಾನದಿಂದ ಇಳಿಯುತ್ತಾರೆ, ಕಾಕ್‌ಪಿಟ್‌ನಿಂದಲ್ಲ. ಸಿಮ್ಯುಲೇಟರ್‌ನಲ್ಲಿ ಕಲಿಸಲು ಪ್ರಯಾಣಿಕ ವಿಮಾನದ ವಯೋಮಿತಿ ಅನ್ವಯಿಸುವುದಿಲ್ಲ. ಬೆಂಗಳೂರಿನ ತರಬೇತಿ ಕೇಂದ್ರಗಳಂಥಲ್ಲಿ ಇಪ್ಪತ್ತೆರಡರ ಹುಡುಗ ಹುಡುಗಿಯರ ಹಿಂದಿನ ಸೀಟಿನಲ್ಲಿ ಕುಳಿತು, ಗುಂಡಿ ಒತ್ತಿ ಎಂಜಿನ್ ಕೆಡಿಸುವ ಕೆಲಸ ಇಂಥ ನಿವೃತ್ತರದ್ದೂ ಹೌದು.