‘ಬಂಗಾರದ ಮನುಷ್ಯ’ ಮಾಡಿದವರ ಮಗ, ತಮಿಳರ ಪ್ರೇಮಿ

‘ಬಂಗಾರದ ಮನುಷ್ಯ’ ಗೊತ್ತಿಲ್ಲದವರು ನಮ್ಮ ಮಂಠಾಳ ಸುತ್ತಿನ ಹಳ್ಳಿಗಳಲ್ಲಿ ಸಿಗುವುದು ಕಷ್ಟ. ಮನೆಯಲ್ಲಿ ಮರಾಠಿ, ಬಜಾರಿನಲ್ಲಿ ಹಿಂದಿ ಮಾತಾಡುವವರಿಗೂ ರಾಜೀವಪ್ಪ ಗೊತ್ತು. 1972ರಲ್ಲಿ ಆ ಸಿನಿಮಾ ನಿರ್ದೇಶಿಸಿದವರು ಎಸ್. ಸಿದ್ಧಲಿಂಗಯ್ಯ. ‘ಭೂತಯ್ಯನ ಮಗ ಅಯ್ಯು’ ಕೂಡ ಅವರದೇ. ಅವರ ಮಗ ಮುರಳಿ ತಮಿಳಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪ್ರೇಮಕಥೆಗಳ ನಾಯಕನಾಗಿದ್ದರು ಅಂದರೆ ಮಾತ್ರ ಬಹಳ ಜನ ಹೌದಾ ಎನ್ನುತ್ತಾರೆ. (‘ಉಗ್ರಂ’ ಶ್ರೀಮುರಳಿ ಬೇರೆ, ಇವರು ಬೇರೆ.)

ಮುರಳಿ ಹುಟ್ಟಿದ್ದು 1964ರಲ್ಲಿ. ‘ಪ್ರೇಮಪರ್ವ’ದಿಂದ ಕನ್ನಡದಲ್ಲಿ ನಾಯಕನಾದರು. ಅಪ್ಪನ ನಿರ್ದೇಶನದ ‘ಅಜೇಯ’ದಲ್ಲೂ ನಟಿಸಿದರು. ಆದರೆ ಅವರನ್ನು ಗಟ್ಟಿಯಾಗಿ ಹಿಡಿದುಕೊಂಡದ್ದು ತಮಿಳು. 1984ರಲ್ಲಿ ಕೆ. ಬಾಲಚಂದರ್ ಅವರ ಸಂಸ್ಥೆಯ ‘ಪೂವಿಲಂಗು’ ಬಂತು. ಮರುವರ್ಷ ಮಣಿರತ್ನಂ ತಮ್ಮ ಮೊದಲ ತಮಿಳು ಸಿನಿಮಾ ‘ಪಗಲ್ ನಿಲವು’ಗೆ ಇವರನ್ನೇ ನಾಯಕ ಮಾಡಿದರು. ಮಣಿರತ್ನಂ ಅವರ ಮೊಟ್ಟಮೊದಲ ಸಿನಿಮಾ ಕನ್ನಡದ ‘ಪಲ್ಲವಿ ಅನುಪಲ್ಲವಿ’ ಎಂಬುದು ಇಲ್ಲಿ ನೆನಪಿರಲಿ.

ಮುರಳಿಯವರದು ಕಪ್ಪು ಬಣ್ಣ. ಬೆಳ್ಳಗಿದ್ದರೇ ಹೀರೋ ಎನ್ನುವ ಧಂದೆಯಲ್ಲಿ ಇದು ಸಣ್ಣ ಮಾತಲ್ಲ. ರಜನಿಕಾಂತ್, ವಿಜಯಕಾಂತ್ ಅವರೂ ಕಪ್ಪೇ, ಆದರೆ ಅವರ ಕೈಯಲ್ಲಿ ಹೊಡೆದಾಟ ಇತ್ತು. ಮುರಳಿ ಕೈಯಲ್ಲಿ ಇದ್ದದ್ದು ಕಾಲೇಜು ಪುಸ್ತಕ. ವಯಸ್ಸು ಮೂವತ್ತು ದಾಟಿದರೂ ವಿದ್ಯಾರ್ಥಿಯ ಪಾತ್ರ ಬಿಡಲಿಲ್ಲ ಎಂದು ತಮಿಳರು ಈಗಲೂ ನಗೆಯಾಡುತ್ತಾರೆ.

ಆ ಪುಸ್ತಕ ಅಂಟಿಕೊಂಡದ್ದು 1991ರ ‘ಇದಯಂ’ನಿಂದ. ಕದಿರ್ ನಿರ್ದೇಶನ, ಇಳಯರಾಜಾ ಸಂಗೀತ. ಹಳ್ಳಿಯಿಂದ ಮದ್ರಾಸಿನ ಮೆಡಿಕಲ್ ಕಾಲೇಜಿಗೆ ಬಂದ ರಾಜಾ ಎಂಬ ಹುಡುಗ ಒಬ್ಬಳನ್ನು ಪ್ರೀತಿಸುತ್ತಾನೆ, ಹೇಳಲು ಬಾಯಿ ಬರುವುದಿಲ್ಲ. ಪೇಟೆಯ ಕಾಲೇಜಿಗೆ ಹಳ್ಳಿಯಿಂದ ಬಸ್ಸು ಹತ್ತಿ ಹೋದವರಿಗೆ ಈ ಬಾಯಿ ಕಟ್ಟುವುದು ಗೊತ್ತು. ಅದು ಬರೀ ಪ್ರೀತಿಯ ಸಂಕೋಚವಲ್ಲ. ಕೊನೆಗೆ ಅವಳಿಗೆ ಮನಸ್ಸು ಬರುವ ಹೊತ್ತಿಗೆ ಅವನ ಹೃದಯ ಕೆಟ್ಟಿರುತ್ತದೆ. ಹೆಚ್ಚು ದುಃಖವೂ ಕೂಡದು, ಹೆಚ್ಚು ಸಂತೋಷವೂ ಕೂಡದು ಎನ್ನುತ್ತಾರೆ ಡಾಕ್ಟರು. ಈಗ ಹೇಳಲಾಗದವಳು ಅವಳು.

ನನಗೆ ಇದಕ್ಕಿಂತ ಹತ್ತಿರವಾದದ್ದು 2000ದ ‘ವೆಟ್ರಿ ಕೊಡಿ ಕಟ್ಟು’. ದುಬೈ ಕೆಲಸದ ಆಸೆಗೆ ಏಜೆಂಟನಿಗೆ ದುಡ್ಡು ಕೊಟ್ಟು ಮೋಸ ಹೋದ ಇಬ್ಬರು ಊರಿಗೆ ಮುಖ ತೋರಿಸಲಾಗದೆ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಆ ಮನೆಯವರಿಗೆ ನೆರವಾಗುವ ಕಥೆ. ಪುಣೆ, ಮುಂಬೈ, ಹೈದರಾಬಾದಿಗೆ ದುಡಿಯಲು ಹೋಗುವ ನಮ್ಮ ಕಡೆಯವರು ನೋಡಬೇಕಾದದ್ದು. ಕಪ್ಪು ಬಣ್ಣವೇ ಇಷ್ಟ ಎನ್ನುವ ಹಾಡೂ ಅದರಲ್ಲಿದೆ, ಆ ಹಾಡು ಮುರಳಿ-ಮಾಳವಿಕಾ ಜೋಡಿಯದು.

2001ರಲ್ಲಿ ಭಾರತಿರಾಜಾ ಅವರ ‘ಕಡಲ್ ಪೂಕ್ಕಳ್’ ಬಂತು. ಮೀನುಗಾರನ ಪಾತ್ರಕ್ಕೆ ಮುರಳಿಗೆ ತಮಿಳುನಾಡು ಸರ್ಕಾರದ ಶ್ರೇಷ್ಠ ನಟ ಪ್ರಶಸ್ತಿ ಸಿಕ್ಕಿತು. ಆಮೇಲೆ ಸಿನಿಮಾಗಳು ಕಡಿಮೆಯಾದವು.

2010ರ ಆಗಸ್ಟ್‌ನಲ್ಲಿ ಮಗ ಅಥರ್ವನ ಮೊದಲ ಸಿನಿಮಾ ‘ಬಾಣಾ ಕಾತ್ತಾಡಿ’ ತೆರೆಕಂಡಿತು. ಅದರಲ್ಲಿ ಮುರಳಿ ಸ್ವಲ್ಪ ಹೊತ್ತು ಬರುತ್ತಾರೆ, ಅದೇ ‘ಇದಯಂ’ ರಾಜಾ ಆಗಿ. ಒಂದು ತಿಂಗಳ ನಂತರ, ಸೆಪ್ಟೆಂಬರ್ 8ರಂದು ಚೆನ್ನೈನಲ್ಲಿ ಹೃದಯಾಘಾತವಾಗಿ ತೀರಿಕೊಂಡರು. ಆಗ ಅವರಿಗೆ 46 ವರ್ಷ.

ಸಿದ್ಧಲಿಂಗಯ್ಯನವರು ಮಗನ ಸಾವನ್ನೂ ನೋಡಿ, 2015ರ ಮಾರ್ಚ್‌ನಲ್ಲಿ ಹೋದರು. ಅದಕ್ಕೂ ಎರಡು ವರ್ಷ ಮೊದಲು, ಬಾಲಾ ನಿರ್ದೇಶನದ ‘ಪರದೇಸಿ’ಯಲ್ಲಿ, ಚಹಾ ತೋಟದ ಜೀತಕ್ಕೆ ಸಿಕ್ಕಿಬಿದ್ದ ಹಳ್ಳಿ ಹುಡುಗನಾಗಿ ಮೊಮ್ಮಗ ಅಥರ್ವ ಹೆಸರು ಮಾಡಿದ್ದ.